ಕಲ್ಯಾಣ ಮಂಟಪದ ಮೂರು ಸಾಲಿನ ಫೈಲು

ಗ್ಯಾನಪ್ಪನ ಪ್ರಾಣ ಹಿಂಡಿದ್ದು ಮೂರೇ ಮೂರು ಸಾಲಿನ ಒಂದು ಫೈಲು.

ಮಸ್ಕಿಯ ಈ ಗ್ಯಾನಪ್ಪ ಲಿಂಗಸುಗೂರಿನಲ್ಲಿ ಆರು ತಿಂಗಳು ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತು, ಸಿಂಧನೂರಿನ ಕಲ್ಯಾಣ ಮಂಟಪವೊಂದಕ್ಕೆ ಮದುವೆ ಬುಕ್ಕಿಂಗ್ ಪ್ರೋಗ್ರಾಂ ಬರೆದಿದ್ದ. ೧೯೯೯ರ ಆ ಸೋಮವಾರ ಹನ್ನೊಂದಕ್ಕೆ ಮಾಲೀಕ ದೊಡ್ಡಬಸಪ್ಪನವರ ಮುಂದೆ ಅದು ಓಡಿದರೆ ನೌಕರಿ ಕಾಯಂ, ಓಡದಿದ್ದರೆ ಮನೆಯ ದಾರಿ. ಬುಕ್ಕಿಂಗ್ ಪಟ್ಟಿ ಎಲ್ಲಿದೆಯೆಂದು ಪ್ರೋಗ್ರಾಮಿಗೆ ಹೇಳುವುದೇ ಆ ಮೂರು ಸಾಲಿನ ಫೈಲು. ಹತ್ತೂವರೆಗೆ ನೋಡಿದರೆ ಇಟ್ಟ ಜಾಗದಲ್ಲಿ ಅದು ಇಲ್ಲ!

"ಯಾರ್ರೀ ಮುಟ್ಟಿದವ್ರು?" ಎಂದು ಕೂಗಿದ.

ಹಳೇ ಗುಮಾಸ್ತ ಮುದುಕಪ್ಪ ಮೀಸೆ ತಿರುವಿದ. "ನಾನಪಾ. ಹೊಸಾ ವಹಿಗೆ ಮೊದ್ಲು ಶ್ರೀಕಾರ ಬೇಕಲ್ಲ? ನೀ ಕಲಿಸಿದಂಗ ಶ್ರೀ ಅಂತ ಒಂದು ಫೋಲ್ಡರ್ ಮಾಡಿ ಅದ್ರಾಗ ಇಟ್ಟೀನಿ."

"ಅಯ್ಯೋ ಯಜ್ಜಾ! ಅಲ್ಲಿದ್ರ ಪ್ರೋಗ್ರಾಮಿಗೆ ಸಿಗಂಗಿಲ್ಲ. ಹೊರಗ ತಗೀತೀನಿ."

"ತಗದೀ ನೋಡು ಮತ್ತ! ಇಂಥಾ ಶುಭದಿನ ಶ್ರೀದಾಗಿಂದ ಹೊರಗ ಹಾಕ್ತೀಯೇನ್ಲೇ?" ಮುದುಕಪ್ಪ ಮೌಸನ್ನೇ ಬಗಲಲ್ಲಿ ಇಟ್ಟುಕೊಂಡ.

ವಾಚ್‌ಮನ್ ಅಮೀನ್‌ಸಾಬ್ ಕಿಟಕಿಯಿಂದ ಇಣುಕಿದ. "ಹಂಗಾದ್ರ ೭೮೬ ಅಂತನೂ ಒಂದು ಮಾಡ್ರಿ. ನಮ್ಮವರ ಶಾದಿನೂ ಇಲ್ಲೇ ಆಗ್ತಾವಲ್ಲ!"

"ಅದೂ ಖರೇನ," ಎಂದ ಮುದುಕಪ್ಪ. ಫೈಲು ಎಲ್ಲಿರಬೇಕೆಂದು ಇಬ್ಬರೂ ಚಹಾ ತರಿಸಿಕೊಂಡು ಪಂಚಾಯ್ತಿಗೆ ಕೂತರು. ಹನ್ನೊಂದಕ್ಕೆ ಇನ್ನು ಹತ್ತೇ ನಿಮಿಷ. ಗ್ಯಾನಪ್ಪನಿಗೆ ಅಳುವೇ ಬಂತು.

"ನೀವು ಎಲ್ಲ್ಯಾರ ಇಡ್ರೆಪಾ, ನಾ ಹುಡುಕಸ್ತೀನಿ!" ಎಂದವನೇ ಕೀಬೋರ್ಡಿನ ಮೇಲೆ ಬಿದ್ದ. ಇಡೀ ಕಂಪ್ಯೂಟರ್ ಜಾಲಾಡು, ಆ ಹೆಸರಿನ ಫೈಲು ಮೊದಲು ಎಲ್ಲಿ ಸಿಗುತ್ತದೋ ಅದನ್ನೇ ಓದು ಎಂದು ಪ್ರೋಗ್ರಾಂ ತಿದ್ದಿದ.

ಹೊರಗೆ ಜೀಪು ನಿಂತಿತು. ದೊಡ್ಡಬಸಪ್ಪನವರು ಬಂದು ಕುರ್ಚಿಯಲ್ಲಿ ಕೂತರು. "ಹೂಂ, ನಡಸಪಾ."

ಕಂಪ್ಯೂಟರ್ ಗರಗರ ಅಂತು. ಫೈಲು ಸಿಕ್ಕೇಬಿಟ್ಟಿತು! ಪಟ್ಟಿ ಮೂಡಿತು! ಮುದುಕಪ್ಪ ಅಮೀನ್‌ಸಾಬನನ್ನು ತಬ್ಬಿಕೊಂಡ.

ಆದರೆ ಸಿಕ್ಕಿದ್ದು ಶ್ರೀ ಫೋಲ್ಡರಿನದಲ್ಲ. ಪ್ರೋಗ್ರಾಂ ಬರೆಯುವಾಗ, ಯಾರು ನೋಡುತ್ತಾರೆಂದು ಮನಸ್ಸಿಗೆ ಬಂದ ಹೆಸರುಗಳನ್ನು ತುಂಬಿ ಗ್ಯಾನಪ್ಪ ಒಂದು ಪಟ್ಟಿ ಮಾಡಿದ್ದ. ಆ ಪಟ್ಟಿಯ ದಾರಿ ಹೇಳುವ ಫೈಲು, ಅದೇ ಹೆಸರಿನದು, ಕಂಪ್ಯೂಟರಿನ ಇನ್ನೊಂದು ಮೂಲೆಯಲ್ಲಿ ಉಳಿದುಬಿಟ್ಟಿತ್ತು.

ದೊಡ್ಡಬಸಪ್ಪನವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ವರ, ಗ್ಯಾನಪ್ಪ. ವಧು, ದೊಡ್ಡಬಸಪ್ಪನವರ ಮಗಳು ಗದ್ದೆಮ್ಮ."

"ಅ... ಅದು ಬರೇ ಟೆಸ್ಟ್ ರೀ, ಸಾವ್ಕಾರ್ರ!"

"ಹನ್ನೆರಡೂ ಸಾಲಿನಾಗ ಇದ ಜೋಡಿ ಐತೆಲ್ಲಲೇ! ನನ್ನ ಮಗಳ ಲಗ್ನಾ ಎಷ್ಟ್ ಸಲ ಟೆಸ್ಟ್ ಮಾಡ್ತೀ?" ದೊಡ್ಡಬಸಪ್ಪನವರು ಎದ್ದು ನಿಂತರು. "ಮುದುಕಪ್ಪಾ, ಹಳೇ ವಹಿ ತಗಿ! ಅಮೀನ್‌ಸಾಬ್, ಈ ಮದುಮಗನ್ನ ಮಸ್ಕಿ ಬಸ್ಸಿಗೆ ಹತ್ತಿಸಿ ಬಾ!"