ಮಲಗಿದ ಭತ್ತ ಮತ್ತು ನನ್ನ ಆರು ಸಾಫ್ಟ್‌ವೇರುಗಳು

ಎದುರಿಗಿದ್ದವರು ಒಂದು ಮಾತು ಆಡಿದರೆ ಅದಕ್ಕೆ ಮೂರು ಆಕ್ಷೇಪಣೆ ಎತ್ತದೆ ಇರಲಾರದ ರೋಗ ಕೆಲವರಿಗಿರುತ್ತದೆ. ನನಗಿದೆ. ಇದಕ್ಕೆ ನನ್ನನ್ನು ಬೈದು ಪ್ರಯೋಜನವಿಲ್ಲ. ಬೈಯಬೇಕಾದದ್ದು ನನಗೆ ಬಹುಮಾನದ ಕಪ್ಪು ಕೊಟ್ಟ ಕಾಲೇಜುಗಳನ್ನು. ಕೊಪ್ಪಳದಲ್ಲಿ ಒಂದು ಶನಿವಾರ ಯಂತ್ರಗಳು ಮನುಷ್ಯನ ಮಿತ್ರರೆಂದು ಮೇಜು ಗುದ್ದಿ ಚರ್ಚಾಸ್ಪರ್ಧೆಯ ಮೊದಲ ಬಹುಮಾನ ತಂದೆ. ಮುಂದಿನ ಶನಿವಾರ ಯಲಬುರ್ಗಾದಲ್ಲಿ ಅವೇ ಯಂತ್ರಗಳು ಶತ್ರುಗಳೆಂದು ಸಾಬೀತು ಮಾಡಿ ಇನ್ನೊಂದು ತಂದೆ. ಎರಡೂ ಕಪ್ಪುಗಳು ಕುಷ್ಟಗಿಯ ನಮ್ಮ ಮನೆಯ ಶೋಕೇಸಿನಲ್ಲಿ ಮಾತು ಬಿಟ್ಟ ವಾರಗಿತ್ತಿಯರಂತೆ ಅಕ್ಕಪಕ್ಕ ನಿಂತಿವೆ. ಹನುಮನಹಳ್ಳಿಗೆ ಹೋದಾಗ ಬೆಟ್ಟದ ಮೆಟ್ಟಿಲುಗಳನ್ನು ಎಣಿಸುತ್ತಲೇ ಹತ್ತಿ, ಎಣಿಸುತ್ತಲೇ ಇಳಿದು, ನೀನು ಹೇಳಿದ ಲೆಕ್ಕ ತಪ್ಪು ಎಂದು ಎಳನೀರು ಮಾರುವವನ ಜೊತೆ ಅರ್ಧ ಗಂಟೆ ವಾದಿಸಿದ್ದೇನೆ. ಕೊನೆಗೆ ಅವನು, "ಅಕ್ಕಾರ, ನೀವು ಹೇಳಿದಷ್ಟ ಅದಾವ್ರಿ. ಮೊದ್ಲ ಇದನ್ನ ಕುಡೀರಿ, ಬಿಸಲಾಗ ಭಾಳ ಮಾತಾಡೀರಿ" ಎಂದು ಕಾಯಿ ಕೆತ್ತಿ ಕೈಗಿಟ್ಟ. ಗೆದ್ದೆನೆಂಬ ಖುಷಿಯಲ್ಲಿ ಎಳನೀರಿನ ರುಚಿಯೇ ತಿಳಿಯಲಿಲ್ಲ.

ಇಂಥ ನಾನು ಬದುಕಿನಲ್ಲಿ ಪ್ರಶ್ನೆ ಕೇಳದೆ ನಂಬಿದ್ದು ಒಂದನ್ನೇ: ಹುಬ್ಬಳ್ಳಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದ ಕರಪತ್ರವನ್ನು. ಆಗಷ್ಟೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದೆ. ಕರಪತ್ರದಲ್ಲಿ ಒಂದು ಏಣಿಯ ಚಿತ್ರ. ಕಂಪ್ಯೂಟರಿನಲ್ಲಿ ಯಂತ್ರದ ನಕ್ಷೆ ಬಿಡಿಸುವ ಒಂದು ಸಾಫ್ಟ್‌ವೇರ್ ಕಲಿತರೆ ಮೊದಲ ಮೆಟ್ಟಿಲು, ಇಷ್ಟು ಪಗಾರ. ಎರಡು ಕಲಿತರೆ ಎರಡನೆಯ ಮೆಟ್ಟಿಲು, ಅದಕ್ಕಿಂತ ಇಷ್ಟು ಹೆಚ್ಚು. ತುದಿಯ ಮೆಟ್ಟಿಲಲ್ಲಿ ಟೈ ಕಟ್ಟಿದ ಒಬ್ಬ ಕೈ ಮೇಲೆತ್ತಿ ನಗುತ್ತಿದ್ದ. ದೇವರ ಮುಂದೆ ನಿಂತಾಗಲೂ ಎರಡು ಉಪಪ್ರಶ್ನೆ ಸಿದ್ಧವಾಗಿಟ್ಟುಕೊಳ್ಳುವ ನಾನು, ಆ ಟೈಯವನನ್ನು ಕಣ್ಣುಮುಚ್ಚಿ ನಂಬಿದೆ. ಆರು ಸಾಫ್ಟ್‌ವೇರ್ ಕಲಿತೆ, ಆರು ಸರ್ಟಿಫಿಕೇಟ್ ತಂದೆ. ಅವನ್ನೆಲ್ಲ ಎದೆಗವಚಿಕೊಂಡು ಗಂಗಾವತಿಯ ಒಂದು ತಗಡಿನ ಶೆಡ್ಡಿಗೆ ಹದಿನಾಲ್ಕು ಸಾವಿರಕ್ಕೆ ಸೇರಿದೆ.

ಆ ಶೆಡ್ಡಿನಲ್ಲಿ ರೈಸ್ ಮಿಲ್ಲುಗಳಿಗೆ ಬೇಕಾದ ಸಾಮಾನು ತಯಾರಾಗುತ್ತದೆ. ಮಾಲಕರ ಹೆಸರು ಅಮರೇಶಪ್ಪ. ಗಾಜಿನ ಕೋಣೆಯಲ್ಲಿ ಕುಳಿತು ನಕ್ಷೆ ಬಿಡಿಸುವವಳು ನಾನು. ಹೊರಗೆ ಕಬ್ಬಿಣ ಕತ್ತರಿಸಿ ಬೆಸೆಯುವವರ ಮುಖ್ಯಸ್ಥ ಮೌನೇಶಪ್ಪ ಮೇಸ್ತ್ರಿ. ಮೇಸ್ತ್ರಿ ಸಾಲಿ ಕಲಿತದ್ದು ಮೂರನೆಯ ಇಯತ್ತೆ, ಕಲಿತ ಸಾಫ್ಟ್‌ವೇರು ಸೊನ್ನೆ, ಪಗಾರ ನನ್ನದರ ಎರಡು ಪಟ್ಟು. ಇದು ತರ್ಕಕ್ಕೆ ಮಾಡಿದ ಅವಮಾನವೆಂದು ನನಗೆ ಮೊದಲ ತಿಂಗಳೇ ಹೊಳೆಯಿತು. ಸಾಲದ್ದಕ್ಕೆ, ನಾನು ಕಳಿಸಿದ ಪ್ರತಿ ಹಾಳೆಯನ್ನೂ ಈತ ಕನ್ನಡಕ ಏರಿಸಿ ನೋಡಿ, ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ಸಿಲಿನಿಂದ ಅಲ್ಲಲ್ಲಿ ಕಾಟು ಹೊಡೆದು ವಾಪಸು ಕಳಿಸುತ್ತಿದ್ದ. ಶೆಡ್ಡಿನ ಪದ್ಧತಿ ಅದು. ಕಾಟು ತಿದ್ದಿದ ಮೇಲೆಯೇ ಕಬ್ಬಿಣಕ್ಕೆ ಕತ್ತರಿ.

ಒಮ್ಮೆ ಮಾತ್ರ ನಾನು ಆ ಪದ್ಧತಿ ಮುರಿದೆ. ಸಿದ್ದಾಪುರದ ಮಿಲ್ಲಿಗೆ ಹಾಪರ್ ಬೇಕಾಗಿತ್ತು. ಹಾಪರ್ ಎಂದರೆ ಮೇಲಿಂದ ಸುರಿದ ಭತ್ತ ಜಾರಿಕೊಂಡು ಯಂತ್ರದ ಬಾಯಿಗೆ ಬೀಳುವ ತಗಡಿನ ದೊಡ್ಡ ಡಬ್ಬಿ. ನಾನು ಅದಕ್ಕೆ ನಲವತ್ತು ಡಿಗ್ರಿ ಇಳಿಜಾರು ಕೊಟ್ಟಿದ್ದೆ. ಪರದೆಯ ಮೇಲೆ ಅದು ಬಿಸಿಲು ಬಿದ್ದು, ನೆರಳು ಚೆಲ್ಲಿ, ಮದುವೆಗೆ ಹೊರಟ ಹಾಗೆ ಹೊಳೆಯುತ್ತಿತ್ತು. ಮೇಸ್ತ್ರಿ ಇಳಿಜಾರಿನ ಮೇಲೆ ಕಾಟು ಹೊಡೆದ. ನಾನು ಪುಸ್ತಕ ತಂದೆ. ಪುಟ ತೋರಿಸಿದೆ. ಇಪ್ಪತ್ತು ನಿಮಿಷ ಮಾತಾಡಿದೆ. ಕೊನೆಗೆ ಆತ, "ನಿನ್ನ ಬಾಯಿಗಿ ನಾ ಆಗೂದಿಲ್ಲವಾ ತಂಗಿ, ನೀ ಹೇಳಿದಂಗ ಆಗ್ಲಿ" ಎಂದು ಪೆನ್ಸಿಲು ಕಿವಿಗೇರಿಸಿದ. ಇನ್ನೊಂದು ಕಪ್ಪು ಗೆದ್ದಂತಾಯಿತು. ಸುಗ್ಗಿ ಬಂತು, ಹಾಪರ್ ಹೋಯಿತು, ಮರುದಿನವೇ ಮಿಲ್ಲಿನಿಂದ ಫೋನ್ ಬಂತು.

"ಮೇಡಂರ, ನಿಮ್ಮ ಡಬ್ಬ್ಯಾಗ ಭತ್ತ ಮಕ್ಕೊಂಡೈತ್ರಿ."

"ಮಕ್ಕೊಂಡೈತಿ ಅಂದ್ರ?"

"ಮಕ್ಕೊಂಡೈತಿ ಅಂದ್ರ ಏಳವಲ್ದ್ರಿ. ಇಬ್ರು ಹಮಾಲ್ರು ಗಳಾ ತಗೊಂಡು ತಿವ್ಯಾಕತ್ಯಾರ. ನೀವರ ಬಂದು ಒಂದೀಟು ಮಾತಾಡಿಸಿ ನೋಡ್ರಿ."

ನನ್ನ ಪುಸ್ತಕದಲ್ಲಿದ್ದದ್ದು ಒಣಗಿದ ಭತ್ತ. ಗಂಗಾವತಿ ಸುತ್ತಲಿನ ಕಾಲುವೆ ಸೀಮೆಯಲ್ಲಿ ಯಂತ್ರದಿಂದ ಕೊಯ್ದು ಗದ್ದೆಯಿಂದಲೇ ನೇರ ಮಿಲ್ಲಿಗೆ ತಂದು ಸುರಿಯುವುದು ಹಸಿ ಭತ್ತ. ಅದು ಒಂದಕ್ಕೊಂದು ತಬ್ಬಿಕೊಳ್ಳುತ್ತದೆ, ಜಾರುವುದಿಲ್ಲ. ಆ ಹಾಪರನ್ನು ಮತ್ತೆ ಕತ್ತರಿಸಿ ಬೆಸೆದದ್ದಾಯಿತು. ಮೇಸ್ತ್ರಿ ಮುಂದಿನ ಕೆಲಸಕ್ಕೆ ಕೈ ಹಾಕಿದ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಇಷ್ಟಾದ ಮೇಲೆ ಮನುಷ್ಯಳಾದವಳು ಸುಮ್ಮನಿರಬೇಕು. ಆದರೆ ಆ ಹೊತ್ತಿಗೆ ಕುಷ್ಟಗಿಯಿಂದ ಅಪ್ಪನ ಫೋನುಗಳು ಶುರುವಾಗಿದ್ದವು. ಅಪ್ಪ ಹೈಸ್ಕೂಲು ಮಾಸ್ತರು. ಅವರ ಪ್ರಕಾರ ಜಗತ್ತಿನ ಎಲ್ಲ ವಿದ್ಯೆಗಳೂ ಕೊನೆಗೆ ಬಿ.ಎಡ್. ಎಂಬ ಸಮುದ್ರ ಸೇರಬೇಕು.

"ಇಂಜಿನಿಯರಿಂಗ್ ಮಾಡಿದವ್ರೂ ಬಿ.ಎಡ್. ಮಾಡಬೌದು. ಅರ್ಜಿ ತಂದಿಟ್ಟೀನಿ," ಎಂದರು.

"ಅಪ್ಪಾ, ನನಗ ಇದ ಕೆಲಸ ಸೇರ್ತೈತಿ. ಮಿಷನ್ ತಯಾರಾಗೂದು ನೋಡಾಕ ಖುಷಿ ಐತಿ."

"ಹದಿನಾಲ್ಕು ಸಾವಿರದ ಖುಷಿ. ಇಪ್ಪತ್ತು ಸಾವಿರ ಮಾಡಿಸ್ಕೊ, ನಾ ಬಾಯಿ ಮುಚ್ಚತೀನಿ. ಅರ್ಜಿ ಕೊಡೂ ಕಡೀ ದಿನದೊಳಗ ಆಗ್ಲಿಲ್ಲಾ, ಚೀಲ ಕಟ್ಟಿಕೊಂಡು ಕುಷ್ಟಗಿ ಬಸ್ ಹತ್ತು."

ಕಡೀ ದಿನಕ್ಕೆ ಐದು ವಾರವಿತ್ತು. ಎಂಟನೆಯ ಇಯತ್ತೆಯ ನಲವತ್ತೈದು ಮಕ್ಕಳ ಮುಂದೆ ಸೀಮೆಸುಣ್ಣ ಹಿಡಿದು ನಿಂತ ನನ್ನನ್ನು ನಾನೇ ಕಲ್ಪಿಸಿಕೊಂಡೆ. ನಲವತ್ತೈದು ಜನರ ಜೊತೆ ಒಟ್ಟಿಗೆ ವಾದಿಸಿ ಅಭ್ಯಾಸವಿರಲಿಲ್ಲ. ಆ ರಾತ್ರಿಯೇ ಕೂತು ಮಾಲಕರಿಗೆ ಎರಡು ಪುಟದ ಮನವಿ ಬರೆದೆ. ಎಡಗಡೆ ಆರು ಸಾಫ್ಟ್‌ವೇರುಗಳು, ಬಲಗಡೆ ಒಂದೊಂದಕ್ಕೆ ಒಂದೊಂದು ಸಾವಿರ, ಕೆಳಗೆ ಮೊತ್ತ ಆರು. ಹದಿನಾಲ್ಕು ಕೂಡಿಸು ಆರು, ಇಪ್ಪತ್ತು. ಗಣಿತವೇ ನನ್ನ ಪಕ್ಷದಲ್ಲಿತ್ತು.

ಅಮರೇಶಪ್ಪನವರು ಎರಡೂ ಪುಟ ಓದಿದರು. "ಛಲೋ ಬರ್ದೀಯವಾ. ಶನಿವಾರ ಹೇಳ್ತೀನಿ. ಅಂದಂಗ ಶನಿವಾರ ಒಬ್ಬ ಹುಡುಗ ಕೆಲಸ ಕೇಳ್ಕೊಂಡು ಬರ್ತಾನ. ನನಗ ಈ ಕಂಪ್ಯೂಟರ್ ತಿಳಿಯೂದಿಲ್ಲ. ಪ್ರಶ್ನೆ ನೀನ ಕೇಳು," ಎಂದರು.

ಪ್ರಶ್ನೆ ನೀನೇ ಕೇಳು! ಇದಕ್ಕಿಂತ ಸವಿಯಾದ ವಾಕ್ಯವನ್ನು ನನಗೆ ಯಾರೂ ಹೇಳಿರಲಿಲ್ಲ.

ಶನಿವಾರ ಬಂದವನು ಯಲಬುರ್ಗಾದ ಬಸವರಾಜ. ಎಣ್ಣೆ ಹಚ್ಚಿ ಬಾಚಿದ ತಲೆ, ಪ್ಲಾಸ್ಟಿಕ್ ಕವರಿನಲ್ಲಿ ಎಂಟು ಸರ್ಟಿಫಿಕೇಟು. ಎಂಟು! ನನ್ನ ಏಣಿಗಿಂತ ಎರಡು ಮೆಟ್ಟಿಲು ಮೇಲೆ ನಿಂತಿದ್ದ ಆಸಾಮಿ. ಇವನು ಸೇರಿದರೆ ನನ್ನ ಗಣಿತ ಏನಾಗಬೇಕು? ಮಾಲಕರು ಪಕ್ಕದಲ್ಲೇ ಚಹಾ ಹೀರುತ್ತ ಕುಳಿತಿದ್ದರು. ನಾನು ಕುರ್ಚಿ ಮುಂದೆಳೆದುಕೊಂಡೆ.

"ಹಸಿ ಭತ್ತದ ಹಾಪರಿಗೆ ಇಳಿಜಾರು ಎಷ್ಟ ಕೊಡ್ತೀರಿ?"

ಅವನು ಯೋಚಿಸಿ, ಬಹಳ ವಿನಯದಿಂದ, "ಯಾವ ಸಾಫ್ಟ್‌ವೇರ್‌ದಾಗ್ರಿ ಮೇಡಂ?" ಎಂದ.

ಇಂಥ ಚೆಂಡು ಸಿಕ್ಕಾಗ ಬೌಂಡರಿ ಹೊಡೆಯದೆ ಬಿಡುವ ಸಂಯಮ ಯಾರಿಗಿದೆ? ಎದ್ದೇ ನಿಂತೆ. "ಭತ್ತಕ್ಕ ಸಾಫ್ಟ್‌ವೇರ್ ಗೊತ್ತೈತೇನ್ರಿ? ಸಾಫ್ಟ್‌ವೇರ್ ಅಂದ್ರ ಪೆನ್ನು. ಕಿಸೇದಾಗ ಎಂಟು ಪೆನ್ ಇಟ್ಕೊಂಡವ ಎಂಟು ಪಟ್ಟು ಛಲೋ ಬರೀತಾನೇನು? ಎಷ್ಟು ಸಾಫ್ಟ್‌ವೇರ್ ಬರ್ತಾವ ಅನ್ನೂದರ ಮ್ಯಾಲ ಪಗಾರ ಕೇಳೂದಂದ್ರ, ಎಷ್ಟು ಸೌಟು ಅದಾವ ಅನ್ನೂದರ ಮ್ಯಾಲ ಅಡಿಗಿ ಮೆಚ್ಚಿದಂಗ!" ಮೇಜು ಗುದ್ದಿದೆ. ಮಾಲಕರ ಚಹಾ ತುಳುಕಿತು. ಸ್ಪರ್ಧೆಯಾಗಿದ್ದರೆ ಚಪ್ಪಾಳೆ ಬೀಳಬೇಕಾದ ಜಾಗ.

ಚಪ್ಪಾಳೆ ಬಿತ್ತು ಕೂಡ. ಹೊಡೆದವರು ಅಮರೇಶಪ್ಪನವರು. "ಶಹಭಾಸ್! ಹಿಂಗ ಹೇಳಾಕ ನನಗ ಬರ್ತಿದ್ದಿಲ್ಲ," ಎಂದು ಡ್ರಾಯರಿನಿಂದ ನನ್ನ ಎರಡು ಪುಟದ ಮನವಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. "ಇನ್ನ ಇದನ್ನ ಬರ್ದಾಕಿ ಯಾರು ಅಂತ ಹೇಳವಾ?"

ಬಸವರಾಜ ಇಣುಕಿ ನೋಡಿದ. ಎಣಿಸಿದ. "ಆರು ಅದಾವ್ರಿ ಸರ," ಎಂದ.

ಹೋಗುವಾಗ ಅವನು ನನಗೆ ಕೈಮುಗಿದು, "ಭಾಳ ಕಲಿತೆ ಮೇಡಂ" ಎಂದು ಹೇಳಿ ಹೋದ. ವ್ಯಂಗ್ಯವೋ ನಿಜವೋ ಇವತ್ತಿಗೂ ತೀರ್ಮಾನವಾಗಿಲ್ಲ. ಮಾಲಕರು ಮಾತ್ರ ತಮ್ಮ ತೀರ್ಪು ಕೊಟ್ಟರು: "ಸಾಫ್ಟ್‌ವೇರಿಗೆ ರೊಕ್ಕಿಲ್ಲ. ಮೌನೇಶಪ್ಪನ ಕಾಟು ಇಲ್ಲದ ಒಂದ ಒಂದು ಹಾಪರಿನ ಹಾಳಿ ತಂದು ತೋರ್ಸು. ಅವತ್ತ ಇಪ್ಪತ್ತು ಸಾವಿರ."

ಸೋಮವಾರದಿಂದ ನಾನು ಬೆಳಿಗ್ಗೆ ಎರಡು ತಾಸು ಗಾಜಿನ ಕೋಣೆ ಬಿಟ್ಟು ಮೇಸ್ತ್ರಿಯ ಬೆನ್ನು ಹತ್ತಿದೆ. ಆತ ಮಿಲ್ಲಿನಿಂದ ತರಿಸಿದ ಭತ್ತವನ್ನು ಒಂದು ತಗಡಿನ ಮೇಲೆ ಹರವಿ, ತಗಡಿನ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತಿದ್ದ.

"ಏನ್ ಮಾಡಾಕತ್ತೀರಿ ಕಾಕಾ?"

"ಭತ್ತಾನ ಕೇಳಾಕತ್ತೀನಿ."

"ಏನಂತೈತಿ?"

"ಇನ್ನೊಂದು ಚೂರು ಎತ್ತು ಅಂತೈತಿ. ಇದು ನಿನ್ನಂಗ ವಾದ ಮಾಡೂದಿಲ್ಲ ತಂಗಿ. ಬಂದ್ರ ಬರ್ತೈತಿ, ಇಲ್ಲಾಂದ್ರ ಕುಂದರ್ತೈತಿ."

ಭತ್ತ ಜಾರಿದ ಕ್ಷಣ ಅಲ್ಲಿಗೆ ನಿಲ್ಲಿಸಿ, ಅದರ ಮೇಲೆ ಎರಡು ಬೆರಳು ಹೆಚ್ಚು ಎತ್ತಿ, ಆ ಓರೆಯನ್ನು ನೆಲದ ಮೇಲೆ ಗೀಟು ಹಾಕಿ ಇಡುತ್ತಿದ್ದ. ನಾನೂ ಕೇಳಲು ಕಲಿತೆ. ಮೊದಲ ವಾರದ ನನ್ನ ಹಾಳೆಗೆ ಏಳು ಕಾಟು, ಎರಡನೆಯ ವಾರ ನಾಲ್ಕು, ಆಮೇಲೆ ಎರಡು, ನಾಲ್ಕನೆಯ ವಾರ ಒಂದೇ ಒಂದು. ಆ ಒಂದು ಕಾಟು ಹಾಪರಿನ ಪಕ್ಕದಲ್ಲಿತ್ತು.

"ಕೈ ಹಾಕಾಕ ಬಾಗ್ಲಾ ಎಲ್ಲೈತಿ?" ಎಂದ ಮೇಸ್ತ್ರಿ.

"ಇಳಿಜಾರು ಸರಿ ಇದ್ರ ಭತ್ತ ನಿಲ್ಲೂದಿಲ್ಲ. ನಿಲ್ಲೂದಿಲ್ಲಂದ ಮ್ಯಾಲ ಬಾಗ್ಲಾ ಯಾಕ ಕಾಕಾ?" ನನ್ನ ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ.

"ಒಳಗ ಇಲಿ ಸತ್ರ?"

ನಾನು ಕಲಿತ ಆರು ಸಾಫ್ಟ್‌ವೇರುಗಳಲ್ಲಿ ಯಾವುದರಲ್ಲೂ ಸತ್ತ ಇಲಿಗೆಂದು ಒತ್ತುವ ಒಂದು ಗುಂಡಿಯೂ ಇಲ್ಲ.

ಕಡೀ ದಿನಕ್ಕೆ ಮೂರು ದಿನವಿರುವಾಗ ಹೊಸ ಮಿಲ್ಲೊಂದರ ಹಾಪರಿಗೆ ಕೊನೆಯ ನಕ್ಷೆ ಬಿಡಿಸಿದೆ. ಭತ್ತವನ್ನು ಕೇಳಿ ಇಳಿಜಾರು ಕೊಟ್ಟೆ, ಇಲಿಯನ್ನು ನೆನೆದು ಬಾಗಿಲಿಟ್ಟೆ, ಹಾಳೆಯನ್ನು ಮೇಸ್ತ್ರಿಯ ಪೆಟ್ಟಿಗೆಯ ಮೇಲಿಟ್ಟು ಕೋಣೆಗೆ ಬಂದು ಉಗುರು ಕಚ್ಚುತ್ತ ಕುಳಿತೆ. ಎರಡು ದಿನ ಹೊರಗೆ ಸುತ್ತಿಗೆ ಸದ್ದು. ಮೂರನೆಯ ದಿನ ಹೋಗಿ ನೋಡಿದರೆ ಹಾಪರ್ ತಯಾರಾಗಿ ನಿಂತಿದೆ, ನನ್ನ ಹಾಳೆ ಪೆಟ್ಟಿಗೆಯ ಮೇಲೆ ಇದೆ, ಅದರ ಮೇಲೆ ಒಂದು ಕೆಂಪು ಗೆರೆಯೂ ಇಲ್ಲ! ಓಡಿದೆ. ಅಮರೇಶಪ್ಪನವರು ಹಾಳೆಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. ಟೇಪು ತರಿಸಿ ಹಾಪರ್ ಅಳೆಯಿಸಿದರು. ಇಳಿಜಾರು, ಬಾಗಿಲು, ಎಲ್ಲ ಹಾಳೆಯಲ್ಲಿದ್ದ ಹಾಗೆಯೇ. "ಗೆದ್ದಿ ಬಿಡವಾ," ಎಂದು ಇಪ್ಪತ್ತು ಸಾವಿರದ ಪತ್ರಕ್ಕೆ ಸಹಿ ಹಾಕಿದರು. ಅದರ ಫೋಟೋ ಅಪ್ಪನಿಗೆ ಹೋಯಿತು. ಅಪ್ಪ ಫೋನ್ ಮಾಡಿ, "ಸಹಿ ಸ್ಪಷ್ಟ ಇಲ್ಲ. ಇರ್ಲಿ, ಈ ವರ್ಷ ಬ್ಯಾಡ" ಎಂದು ಫೋನಿಟ್ಟರು.

ಸರ್ಕಲ್ಲಿನ ಅಂಗಡಿಯಿಂದ ಮಿರ್ಚಿ ಭಜಿ ಕಟ್ಟಿಸಿಕೊಂಡು ಮೇಸ್ತ್ರಿಯ ಹತ್ತಿರ ಹಾರಿಕೊಂಡೇ ಹೋದೆ. "ಕಾಕಾ, ಒಂದು ಕಾಟೂ ಹೊಡೀಲಿಲ್ಲಲ್ರಿ ನೀವು!"

"ಯಾವುದಕ್ಕ?"

"ಹಾಳಿಗೆ. ಪೆಟಿಗಿ ಮ್ಯಾಲ ಇಟ್ಟಿದ್ದೆ."

"ಹಾಳಿ ಇಟ್ಟಿದ್ದೇನು? ನಾ ಎಲ್ಲಿ ನೋಡೀನವಾ," ಎಂದು ಭಜಿ ಮುರಿದ ಮೇಸ್ತ್ರಿ. "ಚಸ್ಮಾದ ಕಡ್ಡಿ ಮುರಿದು ರಿಪೇರಿಗಿ ಕೊಟ್ಟು ಮೂರು ದಿನ ಆತು. ಮಿಲ್ಲಿನವ್ರು ಬಾಯಿಲೆ ಹೇಳಿದ ಅಳತಿಗೆ ಹಾಪರ್ ನನ್ನ ಅಂದಾಜಿಲೆ ಮಾಡೀನಿ."

ಇದರಿಂದ ಎರಡು ತೀರ್ಮಾನಕ್ಕೆ ಬರಬಹುದು. ಒಂದು, ನನ್ನ ನಕ್ಷೆಯೂ ಮೇಸ್ತ್ರಿಯ ಕೈಯೂ ಒಂದೇ ಉತ್ತರಕ್ಕೆ ಬಂದವು, ಆದ್ದರಿಂದ ನಾನು ಮೇಸ್ತ್ರಿಯಷ್ಟು ಕಲಿತಿದ್ದೇನೆ. ಎರಡು, ನನ್ನ ನಕ್ಷೆ ಇಲ್ಲದೆಯೂ ಹಾಪರ್ ತಯಾರಾಯಿತು, ಆದ್ದರಿಂದ ಈ ಶೆಡ್ಡಿಗೆ ನಾನೇ ಬೇಕಿಲ್ಲ. ಎದುರು ಪಕ್ಷಕ್ಕೆ ನಿಂತಿದ್ದರೆ ಎರಡನೆಯದನ್ನು ಹಿಡಿದು ಐದೇ ನಿಮಿಷದಲ್ಲಿ ಕಪ್ಪು ಎತ್ತುತ್ತಿದ್ದೆ. ವಾದ ಗಂಟಲವರೆಗೆ ಬಂದು, ಹೊರಗೆ ಬಿಡು ಎಂದು ಒದ್ದಾಡುತ್ತಿತ್ತು.

ಅಷ್ಟರಲ್ಲಿ ಅಮರೇಶಪ್ಪನವರು ಕೋಣೆಯ ಬಾಗಿಲಿಗೆ ಬಂದು ನಿಂತು, "ಏನಂತಾನವಾ ಮೇಸ್ತ್ರಿ?" ಎಂದು ಕೂಗಿ ಕೇಳಿದರು.

"ಭಜಿ ಛಲೋ ಅದಾವ ಅಂತಾರ್ರಿ ಸರ," ಎಂದೆ. ಮೇಸ್ತ್ರಿ ಇನ್ನೂ ಏನೋ ಹೇಳಲು ಬಾಯಿ ತೆರೆದ. ತೆರೆದ ಬಾಯಿಗೆ ಇನ್ನೊಂದು ಮಿರ್ಚಿ ಕೊಟ್ಟೆ.