ರೊಟ್ಟಿ ಮುರಿಯದವರಿಗೆ ಹೊರದಾರಿ ಇಲ್ಲ

ಬಿಷ್ಕೆಕ್ಕಿನ ಘಾಟಿ ರಸ್ತೆಗಳ ಇಲಾಖೆಯ ಜಾಲತಾಣದಲ್ಲಿ ನಾಲ್ಕು ಟ್ಯಾಬ್‌ಗಳಿದ್ದು, ಮೊದಲ ಮೂರರಲ್ಲಿ ನಿರ್ದೇಶಕ ಶೇರ್ಗಾಜಿಯವರ ಭಾವಚಿತ್ರಗಳಿದ್ದವು. ನಾಲ್ಕನೆಯದು ‘ರಸ್ತೆ ತೆರೆದಿದೆಯೇ?’ ಅದನ್ನು ಒತ್ತಿದರೆ ಘಾಟಿಯ ಹಿಮದ ಸ್ಥಿತಿ ತಿಳಿಸುವ ಬೇರೊಂದು ಕಚೇರಿಯ, ಹಿಮ ಕಚೇರಿಯವರ, ಪುಟ ಬರುತ್ತಿತ್ತು. ಜನರೋ, ಮೊದಲ ಮೂರರತ್ತ ಕಣ್ಣೆತ್ತಿಯೂ ನೋಡದೆ ನಾಲ್ಕನೆಯದನ್ನೇ ಒತ್ತಿ ಹೊರಟುಹೋಗುತ್ತಿದ್ದರು.

ಇದು ಗೊತ್ತಾದ ದಿನ ನಿರ್ದೇಶಕರು ಜಾಲತಾಣ ನೋಡಿಕೊಳ್ಳುವ ನೂರ್ಜಾದಾಳನ್ನು ಕರೆಸಿದರು.

“ಏನಮ್ಮಾ, ನಿಮ್ಮನೇಲಿ ಬಂದೋರನ್ನ ಹಿಂಗೇ ಕಳಿಸ್ತೀರಾ? ಒಂದು ಚೂರು ರೊಟ್ಟಿ ಮುರಿದು ಬಾಯಿಗೆ ಹಾಕ್ಕೊಳ್ದೆ ನಮ್ಮಲ್ಲಿ ಯಾರಾದ್ರೂ ಹೊಸಿಲು ದಾಟ್ತಾರಾ?”

“ಬೈಕೆ,” ಎಂದಳು ನೂರ್ಜಾದಾ, ಹಿರಿಯಣ್ಣನನ್ನು ಕರೆಯುವ ಗೌರವದಲ್ಲಿ, “ಇದು ಮನೆಯಲ್ಲ, ಲಿಂಕು. ಬೇಕಾದ್ರೆ ಹೊಸ ಟ್ಯಾಬಲ್ಲಿ ತೆರೆಯೋ ಹಾಗೆ ಮಾಡ್ತೀನಿ. ನಮ್ಮ ಪುಟ ಹಿಂದೆ ಹಾಗೇ ಇರುತ್ತೆ.”

“ಅತಿಥಿ ಪಕ್ಕದ್ಮನೇಲಿ ಉಣ್ತಿರ್ಬೇಕು, ನಾನು ಹಿಂದೆ ನಿಂತ್ಕೊಂಡು ನೋಡ್ತಿರ್ಬೇಕಾ?”

“ನನ್ನ ತಮ್ಮ ಎರ್ಮೆಕ್ ಲಾರಿ ಓಡಿಸ್ತಾನೆ, ಬೈಕೆ. ಆ ಪುಟ ನೋಡಿಯೇ ಘಾಟಿ ಹತ್ತೋದು.”

“ಹಾಗಾದ್ರೆ ಅವನೂ ನಮ್ಮ ಅತಿಥಿನೇ.”

ಮರುದಿನವೇ ನಿಯಮ ಹೊರಟಿತು: ‘ಹೊರಹೋಗಲಿಚ್ಛಿಸುವ ಸಂದರ್ಶಕರು ಪರದೆಯ ಮೇಲೆ ಮೂಡುವ ರೊಟ್ಟಿಯ ಚಿತ್ರವನ್ನು ಒತ್ತಿ ಮುರಿಯತಕ್ಕದ್ದು. ತದನಂತರ ನಿರ್ದೇಶಕರ ಸ್ವಾಗತ ಭಾಷಣವನ್ನು ಪೂರ್ತಿ ಆಲಿಸತಕ್ಕದ್ದು. ಆಲಿಸಿದವರ ಹೊರಹೋಗುವ ಕೋರಿಕೆಯನ್ನು ಇಲಾಖೆಯು ತುರ್ತಾಗಿ, ಅಂದರೆ ಮುಂದಿನ ವಾರ, ಪರಿಶೀಲಿಸುವುದು.’

ಎರ್ಮೆಕ್‌ನ ಫೋನು ಬಂದಾಗ ಕಚೇರಿಯಲ್ಲಿ ಊಟದ ಹೊತ್ತು.

“ಎಜೆ,” ಎಂದು ಅಕ್ಕನನ್ನು ಕರೆದ, “ನಿನ್ನ ಸೈಟು ಆಚೆಗೇ ಬಿಡ್ತಿಲ್ಲ ಕಣೇ. ರೊಟ್ಟಿ ಮುರ್ದೆ, ಭಾಷಣಾನೂ ಕೇಳ್ದೆ. ಮುಂದಿನ ವಾರ ಅಂತಿದೆ.”

“ನೀನೆಲ್ಲಿದೀಯೋ?”

“ಕಾದು ಸಾಕಾಗಿ ಹತ್ತಿಬಿಟ್ಟೆ. ಹಿಂದೆ ಮುಂದೆ ಹಿಮ ಕುಸಿದಿದೆ. ಇನ್ನೂ ಲಾರಿಗಳಿವೆ. ಎಲ್ರೂ ಆ ನಾಲ್ಕನೇ ಟ್ಯಾಬನ್ನೇ ಒತ್ತುತ್ತಾ ಕೂತಿದೀವಿ.”

 ನೂರ್ಜಾದಾ ಎದ್ದೆನೋ ಬಿದ್ದೆನೋ ಎಂದು ನಿರ್ದೇಶಕರ ಕೋಣೆಗೆ ಓಡಿದಳು. ನಿರ್ದೇಶಕರು ಸಂದರ್ಶಕರ ಅಂಕಿಅಂಶ ನೋಡುತ್ತ ನಗುತ್ತಿದ್ದರು.

“ನೋಡಮ್ಮಾ, ಬೆಳಗ್ಗೆ ಬಂದೋರು ಇನ್ನೂ ಹೋಗಿಲ್ಲ! ಇಂಥಾ ಸಂಸ್ಕಾರವಂತರು ಯಾರಿವರು?”

“ಹಿಮದಲ್ಲಿ ಸಿಕ್ಕಿಬಿದ್ದ ಲಾರಿಯವರು, ಬೈಕೆ! ನನ್ನ ತಮ್ಮನೂ ಇದಾನೆ. ಹಿಮ ತೆಗೆಯೋ ಗಾಡಿ ಕಳ್ಸಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ಅಳಬೇಡ. ಮೊದಲು ಜನಕ್ಕೆ ಧೈರ್ಯ ಹೇಳೋಣ. ಬರ್ಕೋ.”

ಅವಳು ಕಣ್ಣೊರೆಸಿಕೊಂಡು ಬರೆದುಕೊಂಡಳು. ಪ್ರಕಟಣೆ ಮೊದಲ ಟ್ಯಾಬಿನಲ್ಲೇ ಬಂತು: ‘ಹಿಮದಲ್ಲಿ ಸಿಲುಕಿದ ಚಾಲಕರೆಲ್ಲರೂ ಇಲಾಖೆಯ ಜಾಲತಾಣದೊಳಗೆ ಕ್ಷೇಮವಾಗಿದ್ದಾರೆ. ಯಾರೂ ಹೊರಹೋಗಿರುವುದಿಲ್ಲ.’

ಊರು ನಿಟ್ಟುಸಿರು ಬಿಟ್ಟಿತು. ನೂರ್ಜಾದಾಳ ತಾಯಿಯೂ ಫೋನು ಮಾಡಿದಳು: “ಒಳಗೇ ಇದಾನಂತಲ್ಲೇ, ಸದ್ಯ! ಹೊರಗೆ ಎಂಥಾ ಚಳಿ!”

ಹಿಮ ತೆಗೆಯುವ ಗಾಡಿಯವನು ಕುಸಿತದ ಸುದ್ದಿ ಕೇಳಿ ಆಗಷ್ಟೇ ಎಂಜಿನ್ ಚಾಲೂ ಮಾಡಿದ್ದ. ಪ್ರಕಟಣೆ ಓದಿ, ಇನ್ನೇನೂ ಅವಸರವಿಲ್ಲವೆಂದು ಎಂಜಿನ್ ಆರಿಸಿ, ಚಹಾ ಕುಡಿಯಲು ಕೂತ.