ಸೇತುವೆಯ ಮೇಲೆ ನಿಲ್ಲುವ ಬೈಕು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ನಾಲ್ಕು ತಾಲೂಕು. ಕಂಪ್ಯೂಟರಿನ ಬೈಕ್ ರೇಸಿನಲ್ಲಿ ಈ ವಿನೀತನನ್ನು ಸೋಲಿಸುವ ಗಂಡು ಈ ನಾಲ್ಕು ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಓದುಗರೇ, ಈ ಮಾತು ಹೇಳುವಾಗ ನನ್ನ ಹಿಂದೆ ಗಾಳಿ ಬೀಸಬೇಕು, ಧೂಳು ಏಳಬೇಕು. ಅದನ್ನು ನೀವೇ ಊಹಿಸಿಕೊಳ್ಳಿ. ಆದರೆ ಇದು ನನ್ನ ಕತೆಯಲ್ಲ, ಪಕ್ಕದ ಮನೆಯ ಚೇತನಕುಮಾರನದು. ನಗಬೇಡಿ. ಅವನ ಪಾಲಿಗೆ ಅದು ಬಹಳ ಗಂಭೀರವಾದ ದಿನ.

ಎಲ್ಲಕ್ಕೂ ಕಾರಣ ಒಂದು ಸೇತುವೆ. ಚೇತನನ ಕಂಪ್ಯೂಟರಿನಲ್ಲಿ ಬೈಕು ಗುಡ್ಡ ಇಳಿದು ಸೇತುವೆ ಹತ್ತಿದ ಕೂಡಲೇ ಚಿತ್ರ ನಿಂತುಬಿಡುತ್ತಿತ್ತು. ಝಳಕಿಯ ಹತ್ತಿರ ಕೆಟ್ಟು ನಿಂತ ಬಸ್ಸಿನ ಪ್ರಯಾಣಿಕನ ಹಾಗೆ ಅವನು ಪರದೆ ನೋಡುತ್ತ ಕೂರುತ್ತಿದ್ದ. ಹಾಗಂತ ಡಬ್ಬಿ ಬಿಚ್ಚಲು ಯಾರಿಗೂ ಬಿಡುತ್ತಿರಲಿಲ್ಲ. ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಎಂಬ ಭಯ.

ಅವತ್ತು ಬೆಳಿಗ್ಗೆ ಅವನ ಅಪ್ಪ, ನಿಂಬೆಕಾಯಿ ವ್ಯಾಪಾರಿ ಮಡಿವಾಳಪ್ಪ, ಮೂರು ಸಾವಿರ ರೂಪಾಯಿ ಮೇಜಿನ ಮೇಲಿಟ್ಟರು.

"ಸಂಜಿಕ ಬಾಗೇವಾಡಿಯವರು ಶೈಲಾನ್ನ ನೋಡಾಕ ಬರ್ತಾರ. ಹುಡುಗ ಕಂಪ್ಯೂಟರ ಕಲಸ್ತಾನ. ನಮ್ಮ ಹುಡುಗಿಗೂ ಬರ್ತೈತಿ ಅಂತ ನಾ ಹೇಳಿಬಿಟ್ಟೇನಿ. ಇದರಾಗ ಒಂದು ಸಾಮಾನ ತಂದು ಹಾಕು. ಅವರ ಮುಂದ ನಿನ್ನ ಡಬ್ಬಿ ನಿಂತಿತು ಅಂದ್ರ, ನಾಳೆ ಅದು ಗುಜರಿಗೆ ಹೋಗ್ತೈತಿ."

ಒಂದೇ ಸಾಮಾನು. ಯಾವುದು?

"ಮೆಮರಿ ಹಾಕಸೋ ಅಣ್ಣಾ," ಅಡುಗೆಮನೆಯಿಂದ ತಂಗಿ ಶೈಲಶ್ರೀ ಹೇಳಿದಳು. "ಸೇತುವಿ ಮ್ಯಾಲ ನಿಂದ್ರೂದು ಅದಽ ಸಲುವಾಗಿ."

"ನೀ ಚಾ ಕುದಸು. ಸೇತುವಿ ಸುದ್ದಿ ನಿನಗ್ಯಾಕ?" ಎಂದ ಚೇತನ.

ಅಷ್ಟರಲ್ಲಿ ಓಣಿ ಒಳಗೆ ಬಂದಿತ್ತು. ನಮ್ಮಪ್ಪ ಪ್ರಹ್ಲಾದ ಮಾಸ್ತರರು ಕನ್ನಡಕ ಒರೆಸಿಕೊಂಡು, "ದೊಡ್ಡ ಮಾನಿಟರ್ ತಗೋ. ಕಾಣೂದು ಮುಖ್ಯ ಅದ. ಕಾಣದಿದ್ರ ಬೈಕ್ ನಿಂತದೋ ಹೊಂಟದೋ ಯಾರಿಗೆ ತಿಳೀತದ?" ಎಂದರು.

ಪಂಪ್‌ಸೆಟ್ ರಿಪೇರಿಯ ರೇವಪ್ಪ ತಲೆ ಅಲ್ಲಾಡಿಸಿದ. "ನೀರು ಬರವಲ್ದು ಅಂದ್ರ ಮೋಟಾರ ಬದಲಿ ಮಾಡಬೇಕ್ರಿ, ಮಾಸ್ತರ. ಇದರಾಗೂ ಒಂದು ಮೋಟಾರ ಇರ್ತೈತಿ, ಪ್ರೊಸೆಸರ್ ಅಂತಾರ."

"ನೀ ಎಂದಾರ ಕಂಪ್ಯೂಟರ ಮುಟ್ಟಿಯೇನು?"

"ನೀವು ಮುಟ್ಟೀರೇನ್ರಿ?"

ಇಬ್ಬರೂ ಮುಟ್ಟಿರಲಿಲ್ಲ. ಆದ್ದರಿಂದ ವಾದ ಊಟದ ಹೊತ್ತಿನವರೆಗೆ ನಡೆಯಿತು. ಕೊನೆಗೆ ನಾನು ಎದ್ದು ನಿಂತು, ದನಿ ಕೆಳಗಿಳಿಸಿ, "ಚೇತನಣ್ಣಾ, ಇವತ್ತ ಒಂದೋ ಸೇತುವಿ ಉಳಿಬೇಕು, ಇಲ್ಲಾ ನಾವು ಉಳಿಬೇಕು. ನಡಿ," ಎಂದೆ.

ಬಸ್‌ಸ್ಟ್ಯಾಂಡಿನ ಹತ್ತಿರ ಅಮೀನುದ್ದೀನನ ಕಂಪ್ಯೂಟರ್ ಅಂಗಡಿ. "ಅಮೀನಭಾಯ್, ಮೊದಲ ಯಾವದು ಹಾಕಸಬೇಕು?" ಎಂದು ಚೇತನ ಕೇಳಿದ. ಅಮೀನುದ್ದೀನ ಹಿಂದೆ ತಿರುಗಿ ಕಪಾಟು ನೋಡಿದ. ಅದರಲ್ಲಿ ಒಂದೇ ಪೆಟ್ಟಿಗೆ ಇತ್ತು.

"ಗ್ರಾಫಿಕ್ಸ್ ಕಾರ್ಡ್."

"ಯಾಕ್ರಿ?"

"ಅದಽ ಐತಿ."

ಪೆಟ್ಟಿಗೆಯ ಮೇಲೆ ಕೆಂಪು ಕಣ್ಣಿನ ಯೋಧನೊಬ್ಬ ಕತ್ತಿ ಎತ್ತಿ ನಿಂತಿದ್ದ. ಅವನ ಮುಖ ನೋಡಿದ ಮೇಲೆ ಚೇತನ ಬೇರೇನೂ ಕೇಳಲಿಲ್ಲ.

"ವಾಪಸ್ ತಗೋಳಂಗಿಲ್ಲ ಮತ್ತ," ಎಂದ ಅಮೀನುದ್ದೀನ.

"ಇದು ಜನ್ಮದ ಸಂಬಂಧ ಐತ್ರಿ," ಎಂದು ನಾನೇ ಉತ್ತರ ಕೊಟ್ಟೆ.

ಮನೆಗೆ ಬಂದು ಚೇತನ ಮೊದಲ ಸಲ ಡಬ್ಬಿ ಬಿಚ್ಚಿದ. ಕಳಚಿದ ನಾಲ್ಕು ಸ್ಕ್ರೂಗಳನ್ನು ನಾನು ಕೈಗೆ ಸಿಕ್ಕ ತಟ್ಟೆಯಲ್ಲಿ ಹಾಕಿದೆ. ಕಾರ್ಡನ್ನು ಹಿಡಿದು ಅವನು ಒಳಗೆಲ್ಲ ಹುಡುಕಿದ. ಅಡ್ಡ ಹಿಡಿದ, ಉದ್ದ ಹಿಡಿದ. ಕಾರ್ಡು ಕೂರಬೇಕಾದ ಜಾಗವೇ ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ರಿಸರ್ವೇಶನ್ ಇಲ್ಲದೆ ರೈಲು ಹತ್ತಲು ಬಂದವನ ಹಾಗೆ ಯೋಧ ಹೊರಗೇ ಉಳಿದ.

ರೇವಪ್ಪ ಕಬ್ಬಿಣದ ಗರಗಸ ತಂದ. "ಈ ಬಾಜು ಸ್ವಲ್ಪ ಕೊಯ್ದ್ರ ಕೂಡ್ತೈತಿ ತಮ್ಮಾ."

"ಕೈ ಹಚ್ಚಬ್ಯಾಡ ರೇವಣ್ಣಾ, ನಿನ್ನ ಕಾಲ ಬೀಳ್ತೇನಿ," ಎಂದ ಚೇತನ.

ಅದೇ ಹೊತ್ತಿಗೆ ಹೊರಗೆ ಜೀಪು ನಿಂತಿತು.

ಬಾಗೇವಾಡಿಯವರು ಜಮಖಾನೆಯ ಮೇಲೆ ಕುಳಿತರು. ಹುಡುಗ ಸಂಗಮೇಶ ಶಾಂತ ಸ್ವಭಾವದವನು. ಅವನ ಸೋದರತ್ತೆ ಮಾತ್ರ ಪೊಲೀಸರ ಹಾಗೆ ಮನೆಯ ನಾಲ್ಕೂ ಮೂಲೆ ನೋಡಿದರು. ಎಲೆ ಅಡಕೆಯ ತಟ್ಟೆ ಮುಂದೆ ಬಂತು. ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡರು, ಕಡಿದರು, ತಡೆದು ಮತ್ತೆ ಕಡಿದರು.

"ಇಂಡಿ ಅಡಕಿ ಭಾಳ ಗಟ್ಟಿ ಅದಾವ್ರಿ," ಎಂದು ಸ್ಕ್ರೂ ತೆಗೆದು ಅಂಗೈಯಲ್ಲಿಟ್ಟುಕೊಂಡರು.

ಮಡಿವಾಳಪ್ಪನವರು ಮಗನನ್ನು ಕೊಳೆತ ನಿಂಬೆಕಾಯಿ ನೋಡಿದ ಹಾಗೆ ನೋಡಿದರು. ಮೇಜಿನ ಮೇಲೆ ಕಂಪ್ಯೂಟರು ಹೊಟ್ಟೆ ತೆರೆದುಕೊಂಡು ಮಲಗಿತ್ತು. ಮೂಲೆಯಲ್ಲಿ ರೇವಪ್ಪ ಗರಗಸ ಹಿಡಿದು ನಿಂತಿದ್ದ.

"ಹುಡುಗಿಗೆ ಹಾಡಾಕ ಬರ್ತೈತೇನ್ರಿ?" ಎಂದರು ಅತ್ತೆ.

ಶೈಲಶ್ರೀ ಚಹಾದ ತಟ್ಟೆ ಕೆಳಗಿಟ್ಟು ಒಳಗೆ ಹೋದಳು. ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ಸಣ್ಣ ಪುಡಿಕೆಯೊಂದನ್ನು ತಂದಳು. ಬಿಚ್ಚಿದರೆ ಒಳಗೆ ಬೆರಳುದ್ದದ ಹಸಿರು ಪಟ್ಟಿ, ಮೆಮರಿ. ಅದನ್ನು ಕಂಪ್ಯೂಟರಿನೊಳಗೆ ಇಟ್ಟು ಎರಡು ಹೆಬ್ಬೆರಳಿನಿಂದ ಒತ್ತಿದಳು. ಟಕ್ ಎಂದಿತು. ಮುಚ್ಚಳ ಹಾಕಿ ಮೂರು ಸ್ಕ್ರೂ ತಿರುಗಿಸಿ, ಅತ್ತೆಯ ಕಡೆ ಕೈ ಚಾಚಿದಳು.

"ಆ ಅಡಕಿ ಇತ್ಲಾಗ ಕೊಡ್ರಿ."

"ಇದೆಲ್ಲಿಂದ ಬಂತಽ ಶೈಲಾ?" ಎಂದ ಚೇತನ.

"ಬ್ಲೌಸ್ ಹೊಲಿದ ರೊಕ್ಕದಾಗ ತಂದಿಟ್ಟಿದ್ದೆ. ನೀ ಎಂದು ಡಬ್ಬಿ ಬಿಚ್ಚತೀಯೋ ಅಂತ ಕಾಯಾಕತ್ತಿದ್ದೆ."

ಕಂಪ್ಯೂಟರು ಎದ್ದಿತು. ಸಂಗಮೇಶ ಕುರ್ಚಿ ಎಳೆದುಕೊಂಡ. ಒಂದೇ ಕೀಬೋರ್ಡು, ಅವನು ಆ ಕಡೆ, ಇವಳು ಈ ಕಡೆ. ಪರದೆಯಲ್ಲಿ ಎರಡು ಬೈಕು ಗುಡ್ಡ ಇಳಿದವು. ಸೇತುವೆ ಬಂತು. ನಮ್ಮಪ್ಪ ಕಣ್ಣು ಮುಚ್ಚಿಕೊಂಡರು. ಬೈಕು ನಿಲ್ಲಲಿಲ್ಲ. ಸೇತುವೆ ದಾಟಿ, ತಿರುವು ದಾಟಿ, ಶೈಲಶ್ರೀ ಮೊದಲು ಮುಟ್ಟಿದಳು.

"ಇನ್ನೊಮ್ಮೆ ಆಡೋಣು?" ಎಂದ ಸಂಗಮೇಶ. ಇನ್ನೊಮ್ಮೆಯೂ ಸೋತ. ಆಮೇಲೆ ಅತ್ತೆಯ ಕಡೆ ತಿರುಗಿದ. "ನನಗ ಒಪ್ಪಿಗಿ ಐತಿ."

ಅತ್ತೆ ಹಲ್ಲು ಸವರಿಕೊಂಡು, "ನಮಗ ವರದಕ್ಷಿಣಿ ಏನೂ ಬ್ಯಾಡ್ರಿ. ಹುಡುಗಿ ಏನಂತೈತಿ?" ಎಂದರು.

"ನನಗೂ ಒಪ್ಪಿಗಿ. ಆದ್ರ ಕಂಪ್ಯೂಟರ ನನ್ನ ಜೋಡಿ ಬರಬೇಕು," ಎಂದಳು ಶೈಲಶ್ರೀ.

"ಇಷ್ಟಽ ಏನವಾ? ಒಯ್ಯಿ," ಎಂದರು ಮಡಿವಾಳಪ್ಪ. ಇಡೀ ದಿನದಲ್ಲಿ ಅವರು ನಕ್ಕಿದ್ದು ಆಗಲೇ.

"ಅಪ್ಪಾ, ಅದು ನಂದು," ಎಂದ ಚೇತನ.

"ನಿಂದು ನಿನ್ನ ಕೈಯಾಗ ಐತಲ್ಲೋ."

ಚೇತನ ಕೈ ನೋಡಿಕೊಂಡ. ಪೆಟ್ಟಿಗೆಯ ಮೇಲಿನ ಯೋಧ ಇನ್ನೂ ಕತ್ತಿ ಎತ್ತಿಕೊಂಡೇ ಇದ್ದ.

ಮದುವೆಯಾದ ಮೇಲೆ ಕಂಪ್ಯೂಟರು ಟೆಂಪೋ ಹತ್ತಿ ಬಾಗೇವಾಡಿಗೆ ಹೋಯಿತು. ಚೇತನ ನಮ್ಮ ಕಟ್ಟೆಗೆ ಬಂದು ಕುಳಿತ. "ಕಾರ್ಡ್ ಅಂತೂ ಐತಿ. ಈಗ ಮೊದಲ ಯಾವದು ತಗೋಬೇಕು?" ಎಂದು ಕೇಳಿದ. "ಮಾನಿಟರ್," ಎಂದರು ನಮ್ಮಪ್ಪ. "ಮೋಟಾರ," ಎಂದ ರೇವಪ್ಪ.

ನನ್ನನ್ನೂ ಕೇಳಿದ. ನಾನು ಎರಡೂ ಮನೆಯ ನಡುವಿನ ಗೋಡೆಯ ಕಡೆ ತಿರುಗಿದೆ. ಯಾಕೆಂದರೆ, ಓದುಗರೇ, ನನ್ನನ್ನು ಸೋಲಿಸುವ ಗಂಡು ಹುಟ್ಟಿಲ್ಲ ಎಂದೆನಲ್ಲ, ನಾನು ಗಂಡಸರ ಜೊತೆ ಒಂದು ಸಲವೂ ಆಡಿಲ್ಲ. ಚೇತನ ನನಗೆ ಕೀಬೋರ್ಡು ಮುಟ್ಟಗೊಡುತ್ತಿರಲಿಲ್ಲ. ಮಧ್ಯಾಹ್ನ ಅವನು ನಿಂಬೆಕಾಯಿ ಮಾರ್ಕೆಟ್ಟಿಗೆ ಹೋದ ಮೇಲೆ ಶೈಲಕ್ಕ ಗೋಡೆಯ ಆಚೆಯಿಂದ ನನ್ನನ್ನು ಕರೆಯುತ್ತಿದ್ದಳು. ಅವಳಿಗೂ ಎದುರಾಳಿ ಬೇಕಲ್ಲ. ಗುಡ್ಡದಿಂದ ಸೇತುವೆಯ ತನಕ ನಾನು ನೋಡಿದ್ದು ಅವಳ ಬೈಕಿನ ಹಿಂದಿನ ಗಾಲಿ ಮಾತ್ರ. ಸೇತುವೆಯ ಮೇಲೆ ಚಿತ್ರ ನಿಂತಾಗ, "ಅಕ್ಕಾ, ಮುಂದ ನಾನಽ ಗೆಲ್ತಿದ್ದೆ," ಎನ್ನುತ್ತಿದ್ದೆ.

ಆ ಹಾಳು ಮೆಮರಿ ಹಾಕಿದ ಮೇಲೆ ಅದೊಂದು ಸೇತುವೆಯೂ ಹೋಯಿತು.